ನರಿ ಮುಖ ನೋಡಲು ಕಡಲು ದಾಟಿ

ಯಾರಿಗಾದರೂ ದಿನ ಚೆನ್ನಾಗಿ ಕೂಡಿ ಬಂದರೆ ನಮ್ಮ ಕಡೆ "ಇವತ್ತು ನರಿ ಮುಖ ನೋಡಿ ಎದ್ದಿದ್ದೀಯ" ಅಂತಾರೆ. ಶಿವಮೊಗ್ಗ ಕಡೆಯ ಸಾಗರದಿಂದ ಅಮ್ಮ ಲಾಸ್ ಏಂಜಲೀಸ್‌ನ ನಮ್ಮ ಮನೆಗೆ ಬಂದಾಗ, ನಿಜವಾಗಿಯೂ ನರಿ ಮುಖ ತೋರಿಸಿಬಿಡೋಣ ಅಂತ ಚಾನೆಲ್ ಐಲ್ಯಾಂಡ್ಸ್ ನ್ಯಾಷನಲ್ ಪಾರ್ಕಿಗೆ ಕರೆದುಕೊಂಡು ಹೋದೆ.

ಕ್ಯಾಲಿಫೋರ್ನಿಯಾ ಕರಾವಳಿಯಾಚೆಯ ಐದು ದ್ವೀಪಗಳನ್ನು ಸೇರಿಸಿ 1980ರಲ್ಲಿ ಮಾಡಿದ ಪಾರ್ಕ್ ಇದು. ಸೇತುವೆ ಇಲ್ಲ. ವೆಂಚುರಾ ಊರಿನ ಬಂದರಿನಿಂದ ಬೋಟಿನಲ್ಲೇ ಹೋಗಬೇಕು. ಬೆಳಗ್ಗೆ ಬೇಗ ಹೊರಡಬೇಕಲ್ಲ ಅಂತ ಹಿಂದಿನ ದಿನವೇ ವೆಂಚುರಾಕ್ಕೆ ಹೋಗಿ ಉಳಿದೆವು.

ವೆಂಚುರಾ ಗಡಿಬಿಡಿ ಇಲ್ಲದ ಊರು. ಮೇನ್ ಸ್ಟ್ರೀಟಿನಲ್ಲೇ 1782ರಲ್ಲಿ ಶುರುವಾದ ಮಿಷನ್ ಚರ್ಚ್ ಇದೆ. ಅದರ ಮ್ಯೂಸಿಯಂನಲ್ಲಿ ಮರದಲ್ಲಿ ಕೆತ್ತಿದ ಎರಡು ಹಳೆಯ ಗಂಟೆಗಳಿವೆ. "ಮರದ ಗಂಟೆ ಬಾರಿಸಿದ್ರೆ ಎಷ್ಟು ದೂರ ಕೇಳತ್ತೆ?" ಅಂತ ಅಮ್ಮ ಅದರ ಮುಂದೆ ತುಂಬಾ ಹೊತ್ತು ನಿಂತಿದ್ದಳು. ಸಂಜೆ ಕಡಲಿನೊಳಗೆ ಚಾಚಿಕೊಂಡ ಮರದ ಪಿಯರ್ ಮೇಲೆ ನಡೆದೆವು. ದೂರದಲ್ಲಿ ದ್ವೀಪಗಳು ಮಬ್ಬಾಗಿ ಕಂಡವು. "ಅಷ್ಟು ದೂರ ಹೋಗ್ತೀವೇನೇ?" ಅಂದಳು. ದನಿಯಲ್ಲಿ ಹೆದರಿಕೆಗಿಂತ ಆಸೆಯೇ ಜಾಸ್ತಿ ಇತ್ತು.

ಬೆಳಗ್ಗೆ ಆಗುಂಬೆಯ ಹಾಗೆ ಮಂಜು ಮುಸುಕಿತ್ತು. ಬೋಟ್ ಹತ್ತುವ ಮೊದಲು ಬೂಟಿನ ಅಡಿಯಲ್ಲಿ ಮಣ್ಣು, ಬೀಜ ಅಂಟಿಲ್ಲ ಅಂತ ನೋಡಿಕೊಳ್ಳಬೇಕು. ಹೊರಗಿನ ಕಳೆ ದ್ವೀಪ ಸೇರಬಾರದಲ್ಲ. ಅಲ್ಲಿ ಅಂಗಡಿ, ಹೋಟೆಲ್ ಯಾವುದೂ ಇಲ್ಲ. ಊಟ ನಾವೇ ಒಯ್ಯಬೇಕು, ಕಸವನ್ನೂ ನಾವೇ ವಾಪಸ್ ತರಬೇಕು. ವಾಂತಿ ಬರುವವರು ಹೊರಡುವ ಮೊದಲೇ ಮಾತ್ರೆ ತಗೊಂಡರೆ ಒಳ್ಳೇದು. ಆ ನಡುಗಡಲಿನಲ್ಲಿ ಅಲೆ ಜೋರು.

ಅರ್ಧ ದಾರಿಯಲ್ಲಿ ಬೋಟ್ ನಿಧಾನವಾಯಿತು. ಎಡಕ್ಕೂ ಬಲಕ್ಕೂ ಡಾಲ್ಫಿನ್‌ಗಳು! ಬೋಟಿನ ಮೂತಿ ಎಬ್ಬಿಸಿದ ನೀರಿನ ಜೊತೆಗೇ ಈಜುತ್ತಿದ್ದವು. ಮೇಲೆ ಬಂದಾಗಲೆಲ್ಲ "ಪುಸ್" ಅಂತ ಉಸಿರು ಬಿಡುವುದು ಕೂಡ ಕೇಳುತ್ತಿತ್ತು. ಇಲ್ಲಿನ ಮೂಲ ಜನ ಚುಮಾಶರು ಹೇಳುವ ಕಥೆ ಇದೆ. ಭೂತಾಯಿ ಹುತಾಶ್ ಮೊದಲು ಮನುಷ್ಯರನ್ನು ಹುಟ್ಟಿಸಿದ್ದು ನಾವು ಹೊರಟಿದ್ದ ದ್ವೀಪದಲ್ಲೇ. ಜನ ಜಾಸ್ತಿಯಾದಾಗ ಆಚೆ ದಡಕ್ಕೆ ಹೋಗಲು ಕಾಮನಬಿಲ್ಲಿನ ಸೇತುವೆ ಕಟ್ಟಿದಳು. ಕೆಳಗೆ ನೋಡಿ ತಲೆ ತಿರುಗಿ ಬಿದ್ದವರು ಮುಳುಗದಿರಲಿ ಅಂತ ಅವರನ್ನು ಡಾಲ್ಫಿನ್ ಮಾಡಿದಳು. ಅಮ್ಮನಿಗೆ ಹೇಳಿದೆ. "ಹಾಗಾದ್ರೆ ಇವು ಅವರ ಒಡಹುಟ್ಟಿದವರೇ" ಅಂದು ನೀರಿನ ಕಡೆ ಕೈ ಬೀಸಿದಳು.

ದ್ವೀಪವನ್ನು ಚುಮಾಶರು ಲಿಮುವ್ ಅಂತ ಕರೆಯುತ್ತಾರೆ, ನಕ್ಷೆಯಲ್ಲಿ ಸಾಂತಾ ಕ್ರೂಜ್. ನಾವು ಇಳಿದ ಸ್ಕಾರ್ಪಿಯನ್ ಕೊಲ್ಲಿಯಲ್ಲಿ ಅವರದೇ ಹಳ್ಳಿ ಇತ್ತು. ಕಡಲು ತೇಲಿಸಿ ತಂದ ಮರವನ್ನು ಹಲಗೆ ಸೀಳಿ, ನಾರಿನ ಹಗ್ಗದಲ್ಲಿ ಹೊಲಿದು, ಡಾಂಬರು ಬಳಿದು ತೊಮೊಲ್ ಎಂಬ ದೋಣಿ ಮಾಡುತ್ತಿದ್ದರು. ಅವರ ಮಕ್ಕಳು ಮೊಮ್ಮಕ್ಕಳು 2001ರಲ್ಲಿ ಮತ್ತೆ ತೊಮೊಲ್ ಹುಟ್ಟು ಹಾಕಿಕೊಂಡು ಇಲ್ಲಿಗೆ ಬಂದರು. ಇದನ್ನು ಓದಿದಾಗ ನನ್ನ ಕಣ್ಣು ತುಂಬಿತ್ತು.

ಕ್ಯಾವರ್ನ್ ಪಾಯಿಂಟ್ ಏರಿ ಕಡಲು ನೋಡಿ ಬಂದು, ನೀಲಗಿರಿ ಮರದ ನೆರಳಲ್ಲಿ ಪುಳಿಯೋಗರೆ ಬಿಚ್ಚಿದೆವು. ಒಣ ಎಲೆ ಚರಚರ ಅಂತು. ಬಂದೇಬಿಟ್ಟಿತು! ಬೆಕ್ಕಿಗಿಂತ ಚಿಕ್ಕದು, ಎರಡು ಕಿಲೋ ಇದ್ದರೆ ಹೆಚ್ಚು. ಬೂದು ಬೆನ್ನು, ಕಿವಿಯ ಹಿಂದೆ ಕೆಂಪು, ಬಿಳಿ ಗಲ್ಲ. ಮೂಗು ಮೇಲೆತ್ತಿ ಒಗ್ಗರಣೆಯ ವಾಸನೆ ಹಿಡಿಯಿತು. ಅಮ್ಮನ ಕೈ ತನ್ನಷ್ಟಕ್ಕೇ ಅನ್ನದ ಕಡೆ ಹೋಯಿತು. "ಬೇಡಮ್ಮ, ಕೊಡಬಾರದು" ಅಂದೆ. ಡಬ್ಬಿ ಮುಚ್ಚಿ, ಉಸಿರು ಬಿಗಿಹಿಡಿದು ನೋಡುತ್ತಾ ಕೂತಳು.

ಈ ನರಿ ಉಳಿದದ್ದೇ ದೊಡ್ಡದು. ಲಾಸ್ ಏಂಜಲೀಸ್ ಹತ್ತಿರದ ಕಾರ್ಖಾನೆಯೊಂದರ ಡಿಡಿಟಿ ವರ್ಷಗಟ್ಟಲೆ ಸಮುದ್ರ ಸೇರಿತು. ವಿಷದ ಮೀನು ತಿಂದ ಬಾಲ್ಡ್ ಈಗಲ್ ಹದ್ದುಗಳ ಮೊಟ್ಟೆಯ ಚಿಪ್ಪು ತೆಳುವಾಗಿ ಒಡೆಯಿತು, ಹಕ್ಕಿಗಳು ಇಲ್ಲವಾದವು. ಆ ಖಾಲಿ ಜಾಗಕ್ಕೆ, ಸಾಕಿ ಬಿಟ್ಟು ಕಾಡು ಸೇರಿದ್ದ ಹಂದಿಗಳ ಮರಿ ತಿನ್ನಲು ಗೋಲ್ಡನ್ ಈಗಲ್‌ಗಳು ಬಂದವು. ನರಿಗಳನ್ನೂ ಬಿಡಲಿಲ್ಲ. 2000ದ ಹೊತ್ತಿಗೆ ಇಲ್ಲಿ ನೂರು ನರಿಯೂ ಇರಲಿಲ್ಲ. ಪಕ್ಕದ ಸಾಂತಾ ರೋಸಾ, ಸ್ಯಾನ್ ಮಿಗೆಲ್ ದ್ವೀಪಗಳಲ್ಲಿ ಉಳಿದದ್ದು ಹದಿನೈದು ಹದಿನೈದು.

ಆಮೇಲೆ ಉಳಿದ ನರಿಗಳನ್ನು ಹಿಡಿದು ಮರಿ ಮಾಡಿಸಿದರು. ಗೋಲ್ಡನ್ ಈಗಲ್‌ಗಳನ್ನು ಬೇರೆ ಕಡೆ ಸಾಗಿಸಿದರು, ಹಂದಿಗಳನ್ನು ತೆಗೆದರು, ಬಾಲ್ಡ್ ಈಗಲ್‌ಗಳನ್ನು ತಂದು ಬಿಟ್ಟರು. 2016ರಲ್ಲಿ ಇಲ್ಲಿನ ನರಿಗಳು ಅಳಿವಿನಂಚಿನ ಪಟ್ಟಿಯಿಂದ ಹೊರಬಂದವು. ಹಾಳು ಮಾಡಿದ್ದನ್ನು ಒಪ್ಪಿಕೊಂಡು ಇಷ್ಟು ತಾಳ್ಮೆಯಿಂದ ಸರಿ ಮಾಡಿದ ಜಾಗ ನಾನು ಬೇರೆ ನೋಡಿಲ್ಲ.

ಇದೇ ದ್ವೀಪದಲ್ಲಿ ಮಾತ್ರ ಸಿಗುವ ನೀಲಿ ಹಕ್ಕಿ, ಐಲ್ಯಾಂಡ್ ಸ್ಕ್ರಬ್ ಜೇ, ನಮಗೆ ಕಾಣಲಿಲ್ಲ. ಅದಕ್ಕೇ ಇನ್ನೊಮ್ಮೆ ಹೋಗಬೇಕು.

ಸಂಜೆ ವೆಂಚುರಾ ಬಂದರಿನಲ್ಲಿ ಇಳಿದ ಮೇಲೆ ಅಮ್ಮ ಕೈಚೀಲದಿಂದ ಕಿತ್ತಳೆ ಸಿಪ್ಪೆಯ ಪೊಟ್ಟಣ ತೆಗೆದು ಕಸದ ಡಬ್ಬಿಗೆ ಹಾಕಿದಳು. ಪುಳಿಯೋಗರೆಯ ಡಬ್ಬಿ ಇನ್ನೂ ಅರ್ಧ ತುಂಬಿತ್ತು. ನರಿ ಹೋದ ಮೇಲೆ ಅದನ್ನು ಮತ್ತೆ ತೆರೆಯುವುದನ್ನೇ ಇಬ್ಬರೂ ಮರೆತಿದ್ದೆವು. ಅಲ್ಲೇ ಬೆಂಚಿನ ಮೇಲೆ ಕೂತು ತಿಂದು ಮುಗಿಸಿದೆವು.