ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೇನು?

ಯುಗಾದಿ ಕಳೆದ ಮೇಲೆ ನಮ್ಮ ಕಾರ್ ಶೆಡ್ಡಿನ ಶಟರ್ ಸಂಜೆ ಹೊತ್ತು ಮುಚ್ಚುವುದನ್ನು ಬಿಟ್ಟುಬಿಟ್ಟಿತು. ಬೆಳಿಗ್ಗೆ ಯಾವ ತಕರಾರೂ ಇಲ್ಲ, ರಿಮೋಟ್ ಒತ್ತಿದರೆ ಏರುತ್ತದೆ, ಮತ್ತೆ ಒತ್ತಿದರೆ ಇಳಿಯುತ್ತದೆ. ಸಂಜೆ ಐದೂವರೆಯ ನಂತರ ಏರುವುದಕ್ಕೇನೋ ತಯಾರು, ಇಳಿಯಲು ಮಾತ್ರ ಒಲ್ಲೆ ಎನ್ನುತ್ತದೆ. ಒಂದು ಗೇಣು ಇಳಿದಂತೆ ಮಾಡಿ ಮತ್ತೆ ಮೇಲೆ ಹೋಗಿ ನಿಲ್ಲುತ್ತದೆ. ನನ್ನ ಭುಜದ ನೋವು ನೋಡಲಾರದೆ ಪುಣೆಯ ಮಗ ಹಾಕಿಸಿಕೊಟ್ಟ ಮೋಟರ್ ಅದು. ಈಗ ಮೋಟರಿದ್ದೂ ನಾನು ಸರಪಳಿ ಎಳೆದು ಮುಚ್ಚುವ ಪರಿಸ್ಥಿತಿ.

ನಮ್ಮವರು ನೋಡಿದ ಕೂಡಲೇ ವೋಲ್ಟೇಜ್ ಎಂದು ತೀರ್ಪು ಕೊಟ್ಟರು. ಮಿಕ್ಸರ್ ಕೆಟ್ಟರೂ ವೋಲ್ಟೇಜ್, ಫ್ರಿಜ್ ಸದ್ದು ಮಾಡಿದರೂ ವೋಲ್ಟೇಜ್. ಬೇಳೆ ಬೇಯದಿದ್ದರೆ ಮಾತ್ರ ಅದು ನನ್ನ ತಪ್ಪು. ಮಗ ಫೋನಿನಲ್ಲಿ ರಿಮೋಟಿನ ಬ್ಯಾಟರಿ ಬದಲಿಸಲು ಹೇಳಿದ, ಬದಲಿಸಿದೆವು. ಪಟ್ಟಿಗೆ ಗ್ರೀಸ್ ಹಚ್ಚಲು ಹೇಳಿದ, ಹಚ್ಚಿದೆವು. ಆಮೇಲೆ ಅವನಿಗೇ ಹೊಳೆದು, "ಅಮ್ಮಾ, ಕೆಳಗಿರುವ ಕಣ್ಣಿನಲ್ಲಿ ದೀಪ ಉರಿಯುತ್ತಿದೆಯೇ ನೋಡು" ಎಂದ.

ಶಟರಿನ ಎರಡೂ ಕಂಬಗಳ ಬುಡದಲ್ಲಿ, ನೆಲದಿಂದ ಗೇಣಿಗಿಂತ ಕೆಳಗೆ, ಎರಡು ಕರಿಯ ಡಬ್ಬಿಗಳಿವೆ. ಒಂದು ಕಣ್ಣಿಗೆ ಕಾಣದ ಇನ್ಫ್ರಾರೆಡ್ ಬೆಳಕನ್ನು ಕಳಿಸುತ್ತದೆ, ಎದುರಿನದು ಅದನ್ನು ಹಿಡಿಯುತ್ತದೆ. ಹಿಡಿದಷ್ಟು ಹೊತ್ತು ಅದರ ದೀಪ ಉರಿಯುತ್ತದೆ. ನಡುವೆ ನಾಯಿಯೋ ಚೆಂಡೋ ಮಗುವಿನ ಕಾಲೋ ಬಂದು ಬೆಳಕು ತಪ್ಪಿದರೆ ಶಟರ್ ಇಳಿಯುವುದಿಲ್ಲ. ಇಳಿಯುತ್ತಿದ್ದರೆ ಮೇಲಕ್ಕೆ ತಿರುಗುತ್ತದೆ. ತೆರೆಯುವುದಕ್ಕೆ ಯಾರ ಅಪ್ಪಣೆಯೂ ಬೇಡ, ಮುಚ್ಚುವುದಕ್ಕೆ ಮಾತ್ರ ಈ ಕಣ್ಣು ಹೂಂ ಎನ್ನಬೇಕು.

ಸಂಜೆ ಬಗ್ಗಿ ನೋಡಿದರೆ ದೀಪ ಆರಿತ್ತು. ಒರೆಸಿದೆ. ಧಾರವಾಡದ ಕೆಂಪು ಧೂಳು ಬಟ್ಟೆಗೆ ಬಂತು, ಜೇಡರ ಬಲೆಯೂ ಬಂತು, ದೀಪ ಬರಲಿಲ್ಲ. ಅಷ್ಟರಲ್ಲಿ ಒಂದು ಸಂಜೆ ಅಡ್ಡಮಳೆ ಬಂತು. ಮೋಡ ಕವಿದು ಕತ್ತಲಾದ ಆ ಹೊತ್ತಿನಲ್ಲಿ ಶಟರ್ ಏನೂ ಆಗಿಲ್ಲವೆಂಬಂತೆ ಇಳಿಯಿತು. ನಮ್ಮವರು "ನೋಡಿದೆಯಾ, ವೋಲ್ಟೇಜ್ ಸುಧಾರಿಸಿತು" ಎಂದರು. ಮಳೆಗಾಳಿ ಎದ್ದರೆ ನಮ್ಮ ಓಣಿಯಲ್ಲಿ ಕರೆಂಟ್ ಇದ್ದರೂ ಮಿಣುಕುತ್ತಿರುತ್ತದೆ, ಅಂಥದ್ದರಲ್ಲಿ ವೋಲ್ಟೇಜ್ ಹೇಗೆ ಸುಧಾರಿಸೀತು! ಮರುದಿನ ಬಿಸಿಲಿತ್ತು, ಶಟರ್ ಮತ್ತೆ ಮೊಂಡು ಹಿಡಿಯಿತು. ನಾನು ಅಡುಗೆ ಮನೆಯ ಮೊರ ತಂದು ಬಿಸಿಲಿಗೆ ಅಡ್ಡವಾಗಿ, ಪೂರ್ವದ ಕಂಬದ ಡಬ್ಬಿಗೆ ನೆರಳು ಬೀಳುವಂತೆ ಹಿಡಿದೆ. ದೀಪ ಹತ್ತಿತು. "ಈಗ ಒತ್ತಿರಿ" ಎಂದೆ. ಶಟರ್ ಸರಸರನೆ ಇಳಿಯಿತು. ನಮ್ಮವರು ಆಮೇಲೆ ಬಹಳ ಹೊತ್ತು ಪತ್ರಿಕೆ ಓದಿದರು.

ಸೂರ್ಯನ ಬೆಳಕಿನಲ್ಲೂ ಅದೇ ಇನ್ಫ್ರಾರೆಡ್ ಇದೆ. ಇಳಿಬಿಸಿಲು ನೇರ ಹೊಡೆದರೆ ಹಿಡಿಯುವ ಕಣ್ಣಿಗೆ ಎದುರಿನ ಸಣ್ಣ ಬೆಳಕು ಗೊತ್ತೇ ಆಗುವುದಿಲ್ಲ. ಹಿಂದಿನ ವರ್ಷಗಳಲ್ಲಿ ಈ ತೊಂದರೆ ಇರಲಿಲ್ಲ, ಏಕೆಂದರೆ ಪಡುವಣಕ್ಕೆ ಹಳೆಯ ಹಂಚಿನ ಮನೆ ಇತ್ತು. ನಮ್ಮ ಸಪ್ತಾಪುರ ಬಡಾವಣೆಯಲ್ಲಿ ಹಂಚಿನ ಮನೆ ಉಳಿಯುವ ಕಾಲ ಹೋಯಿತು. ಕೋಚಿಂಗ್‌ಗೆ ಬರುವ ಹುಡುಗರಿಗೆ ಕೋಣೆಗಳು ಬೇಕು, ಕೋಣೆ ಬೇಕೆಂದರೆ ಮನೆ ಬೀಳಬೇಕು. ಚಳಿಗಾಲದಲ್ಲೇ ಅದನ್ನು ಕಾಂಪೌಂಡಿನ ಸಮೇತ ಕೆಡವಿದರು. ಆಗ ಸೂರ್ಯ ನೈಋತ್ಯಕ್ಕೆ ಮುಳುಗುತ್ತಿದ್ದುದರಿಂದ ಉತ್ತರಕ್ಕೆ ಮುಖ ಮಾಡಿದ ನಮ್ಮ ಶಟರಿಗೆ ಮನೆಯದೇ ನೆರಳಿತ್ತು. ಮಾರ್ಚ್ 21 ದಾಟಿ ಅವನು ಪಡುವಣದಿಂದ ಉತ್ತರಕ್ಕೆ ಸರಿದ ಮೇಲೆ ಬಿಸಿಲು ಓರೆಯಾಗಿ ನಮ್ಮ ಬಾಗಿಲಿಗೆ ಬಂತು.

ಇಷ್ಟು ತಿಳಿದ ಮೇಲೆ ಉಳಿದದ್ದು ಡಬ್ಬಿಗಳನ್ನು ಅದಲುಬದಲು ಮಾಡುವ ಕೆಲಸ. ಹಿಡಿಯುವ ಕಣ್ಣು ಪಶ್ಚಿಮದ ಕಂಬಕ್ಕೆ ಹೋದರೆ ಸಂಜೆಯ ಸೂರ್ಯ ಅದರ ಬೆನ್ನಿಗೆ ಬೀಳುತ್ತಾನೆ. ಬೆಳಗಿನ ಬಿಸಿಲಿಗೆ ಆಚೆ ಮನೆಯವರ ಗೋಡೆ ಅಡ್ಡ ಇದೆ. ಹುಬ್ಬಳ್ಳಿಯಿಂದ ಮೆಕ್ಯಾನಿಕ್ ಬಂದ. ಮೂವತ್ತರ ಆಸುಪಾಸಿನ ಹುಡುಗ, ಕೈ ಚುರುಕು, ಮಾತು ಅದಕ್ಕಿಂತ ಚುರುಕು.

ಆ ಸಂಜೆ ಶೆಡ್ಡಿನ ಹೊಸ್ತಿಲಲ್ಲಿ ಪಕ್ಕದ ಕಟ್ಟಡದ ಕೆಲಸಕ್ಕೆ ಬಂದವರ ಹುಡುಗ ಕೂತಿದ್ದ. ರಾಯಚೂರು ಕಡೆಯವರು. ತಾಯಿ ಇಟ್ಟಿಗೆ ಹೊರುತ್ತಾಳೆ. ಮಧ್ಯಾಹ್ನದ ಉರಿಯಲ್ಲಿ ನಮ್ಮ ಶಹಾಬಾದಿ ಫರಸಿ ತಂಪಾಗಿರುತ್ತದೆಂದು ಅವನು, ಅವನ ತಂಗಿ ಅಲ್ಲಿಗೆ ಬಂದು ಮಲಗುತ್ತಾರೆ. ಗುತ್ತಿಗೆದಾರನಿಗೆ ಸಿಮೆಂಟಿನ ಚೀಲಕ್ಕೆ ತಾಡಪತ್ರಿ ಹೊದಿಸಬೇಕೆಂದು ಗೊತ್ತಿದೆ, ಮಕ್ಕಳಿಗೊಂದು ನೆರಳು ಬೇಕೆಂದು ಗೊತ್ತಿಲ್ಲ. ಮೆಕ್ಯಾನಿಕ್ ಶಟರ್ ಓಡಿಸಿ ನೋಡುವ ಮೊದಲು ಹುಡುಗನ ಭುಜ ಹಿಡಿದು, "ಏಳು, ಆಚೆ ನಿಲ್ಲು, ಮೇಲೆ ಬಿದ್ದೀತು" ಎಂದು ಸರಿಸಿ ನಿಲ್ಲಿಸಿದ. ಆಮೇಲೆ ನನ್ನತ್ತ ತಿರುಗಿ, "ಅಕ್ಕಾವರೇ, ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೇನು?" ಎಂದ.

"ಇಲ್ಲ."

"ಹಾಗಾದರೆ ಈ ಕಣ್ಣು ಯಾಕೆ? ಎರಡು ವೈರ್ ಕೂಡಿಸಿ ಟೇಪ್ ಸುತ್ತಿದರೆ ಮುಗಿಯಿತು. ಬಿಸಿಲಿರಲಿ, ಮಳೆಯಿರಲಿ, ಒತ್ತಿದರೆ ಮುಚ್ಚುತ್ತದೆ. ಹುಬ್ಬಳ್ಳಿಯಲ್ಲಿ ಎಷ್ಟೋ ಅಂಗಡಿಗಳಿಗೆ ಹಾಗೇ ಮಾಡಿದ್ದೇನೆ."

ಈ ವಾರವಿಡೀ ನನ್ನ ತಲೆಯಲ್ಲಿ ತಿರುಗುತ್ತಿರುವುದು ಇಷ್ಟೇ. ಆ ಹುಡುಗನ ಭುಜದ ಮೇಲಿದ್ದ ಕೈ ಇನ್ನೂ ಪೂರ್ತಿ ಕೆಳಗಿಳಿದಿರಲಿಲ್ಲ. ಆಗಲೇ ಆ ಪ್ರಶ್ನೆ ಬಂತು. ಅವನು ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಹುಡುಗನನ್ನು ಸರಿಸುತ್ತಲೇ ಇರಲಿಲ್ಲ. ಕೈ ಆ ಮಗುವನ್ನು ಕಂಡಿತು, ಲೆಕ್ಕ ಮಾತ್ರ ಅವನನ್ನು ಬಿಟ್ಟಿತು. ನಾನಾದರೂ ಆ ಗಳಿಗೆಯಲ್ಲಿ ಕೇಳಿದಷ್ಟಕ್ಕೇ ಇಲ್ಲ ಎಂದವಳು. ಮನೆಯಲ್ಲಿ ಇಲ್ಲ, ನಿಜ. ಆದರೆ ಶಟರ್ ಇರುವುದು ಮನೆಯೊಳಗಲ್ಲ, ಓಣಿಯ ಕಡೆಗೆ.

ಅಮೆರಿಕದಲ್ಲಿ ಇಂಥ ಬಾಗಿಲುಗಳಡಿ ಸಿಕ್ಕು ಮಕ್ಕಳು ಸತ್ತ ಮೇಲೆ ಕಾನೂನು ತಂದರು. 1993ರ ಜನವರಿ 1ರಿಂದ ತಯಾರಾಗುವ ಮನೆಬಳಕೆಯ ಗ್ಯಾರೇಜ್ ಮೋಟರಿಗೆ ಇಂಥದೊಂದು ರಕ್ಷಣೆ ಅಲ್ಲಿ ಕಡ್ಡಾಯ. ಕಣ್ಣನ್ನು ನೆಲದಿಂದ ಆರು ಇಂಚಿಗಿಂತ ಮೇಲೆ ಕೂಡಿಸುವಂತಿಲ್ಲ, ಅಂಬೆಗಾಲಿಡುವ ಕೂಸೂ ಅದಕ್ಕೆ ಕಾಣಬೇಕು. ಯಾರ ಮನೆಯ ಕೂಸು ಎಂದು ಕಣ್ಣು ಕೇಳುವುದಿಲ್ಲ.

ನಾವು ಕೇಳುತ್ತೇವೆ. ಹಿಟ್ಟಿನ ಗಿರಣಿಯ ಬೆಲ್ಟಿಗಿದ್ದ ಜಾಲರಿ ತೆಗೆದಿಡುತ್ತೇವೆ, ಮೇಲಿಂದ ಮೇಲೆ ಫ್ಯೂಸ್ ಹೋಗುತ್ತದೆಂದು ದಪ್ಪ ತಂತಿ ಕಟ್ಟುತ್ತೇವೆ. ಕೊರೆದು ಬಿಟ್ಟ ಕೊಳವೆ ಬಾವಿಯ ಬಾಯಿ ಮುಚ್ಚಬೇಕೆಂದು ಸುಪ್ರೀಂ ಕೋರ್ಟ್ 2010ರಲ್ಲೇ ನಿರ್ದೇಶನ ಕೊಟ್ಟಿದೆ. ಆದರೂ 2024ರ ಏಪ್ರಿಲ್‌ನಲ್ಲಿ ವಿಜಯಪುರ ಜಿಲ್ಲೆಯ ಲಚ್ಯಾಣದಲ್ಲಿ ಪುಟ್ಟ ಹುಡುಗನೊಬ್ಬ ತೆರೆದ ಕೊಳವೆ ಬಾವಿಗೆ ಬಿದ್ದ. ಅವನನ್ನು ಜೀವಂತ ಮೇಲೆತ್ತುವವರೆಗೆ ಈ ಕಡೆ ಯಾರ ಮನೆಯಲ್ಲೂ ಟಿವಿ ಆರಲಿಲ್ಲ. ಬಿದ್ದ ಮೇಲೆ ಅವನು ಎಲ್ಲರ ಮಗ. ನಾನೂ ಅತ್ತಿದ್ದೆ. ಬೀಳುವ ಮೊದಲು ಅವನ ಲೆಕ್ಕ ಯಾರ ಬಳಿ ಇರುತ್ತದೆ ಎನ್ನುವುದೇ ನನ್ನ ತಕರಾರು. ಅಳುವುದಕ್ಕೆ ನಮಗೆ ಯಾವ ಸಂಬಂಧವೂ ಬೇಡ, ಒಂದು ಕಲ್ಲು ಮುಚ್ಚುವುದಕ್ಕೆ ಮಾತ್ರ ಮನೆಯಲ್ಲಿ ಮಕ್ಕಳಿರಬೇಕು.

"ತಮ್ಮಾ, ಕಣ್ಣು ಇರಲಿ, ಜಾಗ ಬದಲಿಸು" ಎಂದೆ. ವೈರ್ ಹೊಸದಾಗಿ ಎಳೆಯಬೇಕು, ಖರ್ಚಾಗುತ್ತದೆ ಎಂದ. ಆಗಲಿ ಎಂದೆ. ನಮ್ಮವರು ಹುಬ್ಬೇರಿಸಿದರು. ಕೆಲಸ ನಡೆಯುತ್ತಿರುವಾಗ, "ನಿನಗೆ ಮಕ್ಕಳಿದ್ದಾರೋ?" ಎಂದು ಕೇಳಿದೆ. ಇಬ್ಬರಂತೆ, ಸಣ್ಣವರು. "ನಿನ್ನ ಮನೆಗೆ ಇಂಥ ಶಟರ್ ಇದ್ದಿದ್ದರೆ ಕಣ್ಣು ತೆಗೆಯುತ್ತಿದ್ದೆಯಾ?" ಎಂದೆ. ಅವನು ಸ್ಕ್ರೂ ಬಿಗಿಯುತ್ತಲೇ ನಕ್ಕ. "ನಮ್ಮ ಮನೆಗೆ ಎಲ್ಲಿಯ ಶಟರ್, ಅಕ್ಕಾವರೇ? ಅರ್ಧ ಬಾಗಿಲು ಇದೆ, ಉಳಿದರ್ಧಕ್ಕೆ ಪರದೆ." ನಾನು ಅವನಿಗೆ ಪಾಠ ಹೇಳಲು ಹೊರಟವಳು, ಚಹಾ ಮಾಡಲು ಒಳಗೆ ಹೋದೆ.

ಈಗ ಶಟರ್ ಸಂಜೆಯೂ ಸರಿಯಾಗಿ ಮುಚ್ಚುತ್ತದೆ. ಮೆಕ್ಯಾನಿಕ್ ಹಣ ಎಣಿಸಿಕೊಂಡು, ಪಕ್ಕದಲ್ಲಿ ಕಟ್ಟಡ ಏಳುತ್ತಿರುವ ಜಾಗ ನೋಡಿ, "ಸಾಹೇಬರೇ, ಮುಂದಿನ ಯುಗಾದಿಗೆ ಅಲ್ಲಿ ನಾಲ್ಕು ಅಂತಸ್ತು ಏಳುತ್ತದೆ. ಆಮೇಲೆ ನಿಮಗೆ ಸಂಜೆ ಬಿಸಿಲೇ ಇರುವುದಿಲ್ಲ. ಹಾಗೇ ಬಿಟ್ಟಿದ್ದರೂ ಸರಿಹೋಗುತ್ತಿತ್ತು" ಎಂದು ಹೇಳಿ ಬೈಕ್ ಹತ್ತಿದ. ಅಂದಿನಿಂದ ನಮ್ಮವರು ವೋಲ್ಟೇಜಿನ ಸುದ್ದಿ ಬಿಟ್ಟು ಆ ಹಣದ ಸುದ್ದಿ ಹಿಡಿದಿದ್ದಾರೆ.