ಎದೆಯಲ್ಲಿ ಜಾಗವೇ ಇರಲಿಲ್ಲ

“ಮಾಮ, ಉಸಿರು ಖಾಲಿಯಾಗುತ್ತದೆ” ಎಂದಳು ತಂಗಿಯ ಮಗಳು, ಅಂದು ನಾಲ್ಕನೆಯ ಸಲ. ಮೈಸೂರಿನ ಸರಸ್ವತಿಪುರಂನಲ್ಲಿರುವ ವಿಶ್ವವಿದ್ಯಾನಿಲಯದ ಈಜುಕೊಳ, ಏಪ್ರಿಲ್ ತಿಂಗಳ ಬೆಳಗು. ಹತ್ತು ವರ್ಷದ ಹುಡುಗಿ. ಕಾಲು ಬಡಿಯುವುದು, ಕೈ ಬೀಸುವುದು ಎರಡೂ ಚೆನ್ನಾಗಿ ಬರುತ್ತಿತ್ತು. ಆದರೆ ನಾಲ್ಕು ಮಾರು ಹೋಗುವಷ್ಟರಲ್ಲಿ ಕಣ್ಣು ಅಗಲಿಸಿ, ಕತ್ತೆತ್ತಿ, ಅಂಚಿಗೆ ತಡಕಾಡುತ್ತಿದ್ದಳು.

ಅವಳೂ ಅವಳ ತಮ್ಮನೂ ರಜೆಗೆ ಮಂಡ್ಯದಿಂದ ಬಂದಿದ್ದರು. 2018ರ ನವೆಂಬರ್‌ನಲ್ಲಿ ಕನಗನಮರಡಿಯ ಬಳಿ ವಿಶ್ವೇಶ್ವರಯ್ಯ ನಾಲೆಗೆ ಬಸ್ ಉರುಳಿ 30 ಜನ ತೀರಿಕೊಂಡ ಮೇಲೆ ತಂಗಿ ಮಕ್ಕಳನ್ನು ನೀರಿನ ಹತ್ತಿರ ಸುಳಿಯಲೂ ಬಿಟ್ಟಿರಲಿಲ್ಲ. ಈ ವರ್ಷ ಅವಳೇ ಫೋನ್ ಮಾಡಿ, “ಅಣ್ಣ, ಇಬ್ಬರಿಗೂ ಈಜು ಕಲಿಸಿಬಿಡು” ಎಂದಳು.

ನಾನು ಕಲಿತದ್ದು ಅದೇ ನಾಲೆಯ ಒಂದು ಕವಲಿನಲ್ಲಿ, ಸೊಂಟಕ್ಕೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು. ದಡದಲ್ಲಿ ನಿಂತ ದೊಡ್ಡವರು ಕೂಗುತ್ತಿದ್ದದ್ದು ಒಂದೇ ಮಾತು: ಉಸಿರು ಬಿಗಿಹಿಡಿ. ಅದನ್ನೇ ಈ ಮಗುವಿಗೂ ಹೇಳಿಕೊಟ್ಟಿದ್ದೆ.

ಐದನೆಯ ಸಲ ಅವಳು ಎದ್ದು ನಿಂತಾಗ ಏಕೋ ಏನೋ, ಅವಳ ಬಾಯಿಯ ಮುಂದೆ ಅಂಗೈ ಹಿಡಿದೆ. “ಈಗಲೇ ಒಳಗೆ ಎಳೆದುಕೊಳ್ಳಬೇಡ. ಮೊದಲು ಊದು” ಎಂದೆ. ಊದಿದಳು. ಊದುತ್ತಲೇ ಇದ್ದಳು. ಖಾಲಿಯಾಯಿತು ಎಂದ ಎದೆಯಿಂದ ಅಷ್ಟು ಗಾಳಿ! ತಪ್ಪು ಮಗುವಿನದಲ್ಲ, ನನ್ನದು. ಹಳೆಯ ಉಸಿರು ಹೊರಗೆ ಹೋಗದೆ ಹೊಸದಕ್ಕೆ ಜಾಗವೇ ಇರಲಿಲ್ಲ. ಉಸಿರುಗಟ್ಟುವ ಆ ಸಂಕಟ ಹುಟ್ಟುವುದು ಬಹುಮಟ್ಟಿಗೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುವುದರಿಂದ, ಆಮ್ಲಜನಕ ತೀರಿಹೋದದ್ದರಿಂದಲ್ಲ. ಬಾಯಿ ನೀರಿನ ಹೊರಗೆ ಇರುವುದೇ ಒಂದು ಗಳಿಗೆ. ಅಷ್ಟರಲ್ಲಿ ಬಿಡುವುದೂ ಎಳೆಯುವುದೂ ಆಗುವ ಕೆಲಸವಲ್ಲ. ಬಿಡುವುದನ್ನು ನೀರಿನೊಳಗೇ ಮುಗಿಸಿಕೊಂಡು ಮೇಲೆ ಬರಬೇಕು.

ಅಂದು ಈಜು ನಿಲ್ಲಿಸಿದೆ. ಅಂಚು ಹಿಡಿದು, ಮುಖ ಮುಳುಗಿಸಿ, ಬಾಯಿ ಮುಚ್ಚಿ ಗುನುಗುವುದಷ್ಟೇ ಪಾಠ. “ಉಸಿರು ಬಿಡು” ಎಂದರೆ ಮಕ್ಕಳು ಒಮ್ಮೆಲೇ ಬಿಟ್ಟು ಸುಮ್ಮನಾಗುತ್ತಾರೆ. ಗುನುಗು ಎಂದರೆ ಗಾಳಿ ಮೂಗಿನಿಂದ ಸಣ್ಣಗೆ, ಬಿಡದೆ ಹೋಗುತ್ತಿರುತ್ತದೆ. ಮೂಗಿಗೆ ನೀರೂ ನುಗ್ಗುವುದಿಲ್ಲ. ಅವಳು ಶಾಲೆಯ ಪ್ರಾರ್ಥನೆ ಹಿಡಿದಳು. ರಾಗ ಏರಿದಲ್ಲಿ ದಪ್ಪ ಗುಳ್ಳೆ, ಇಳಿದಲ್ಲಿ ಸಾಸಿವೆಯಂಥ ಗುಳ್ಳೆ. ನೋಡುತ್ತ ನಿಂತುಬಿಟ್ಟೆ.

ತಮ್ಮನಿಗೆ ಇದು ಸಪ್ಪೆ ಎನಿಸಿತು. ಯಾರು ಹೆಚ್ಚು ಹೊತ್ತು ಮುಳುಗಿರುತ್ತಾರೆ ನೋಡೋಣ ಎಂದು ಹತ್ತಾರು ಸಲ ದೀರ್ಘವಾಗಿ ಏದುಸಿರು ಎಳೆದು ಬಿಡತೊಡಗಿದ. ಅವನ ರಟ್ಟೆ ಹಿಡಿದು ಗದರಿದೆ. ಹಾಗೆ ಏದಿದರೆ ಡೈಆಕ್ಸೈಡ್ ತೊಳೆದುಹೋಗುತ್ತದೆ, ಮೇಲೆ ಬಾ ಎಂದು ದೇಹ ಎಚ್ಚರಿಸುವುದು ತಡವಾಗುತ್ತದೆ, ನೀರಿನೊಳಗೇ ಪ್ರಜ್ಞೆ ತಪ್ಪಬಹುದು. ಮಗು ಅತ್ತಿತು. ಅಳಲಿ, ಈ ಒಂದು ಆಟಕ್ಕೆ ನಾನು ಎಂದೂ ಒಪ್ಪುವುದಿಲ್ಲ.

ಮರುದಿನದಿಂದ ಪಕ್ಕಕ್ಕೆ ಹೊರಳುವುದು. ತಲೆ ಎತ್ತಿದರೆ ಸೊಂಟ ಮುಳುಗುತ್ತದೆ, ಕಾಲು ಜಗ್ಗುತ್ತದೆ. “ದಿಂಬಿನ ಮೇಲೆ ಕೆನ್ನೆ ಇಟ್ಟ ಹಾಗೆ ಹೊರಳು, ಒಂದು ಕಿವಿ ನೀರಿನಲ್ಲೇ ಇರಲಿ” ಎಂದು ಅವಳ ಕಿವಿಯ ಕೆಳಗೆ ಅಂಗೈ ಕೊಟ್ಟೆ. ಎರಡು ಸಲ ನೀರು ಕುಡಿದು ಕೆಮ್ಮಿದಳು. ಕಾದೆ. ಮೂರನೆಯ ಸಲ ತುಟಿಯ ಅಂಚಿನಿಂದ ಗಾಳಿ ಸೆಳೆದು, ಮತ್ತೆ ಮುಖ ಇಳಿಸಿ ಗುನುಗಿದಳು.

ನಾಲ್ಕನೆಯ ದಿನ ಕೊಳದ ಅಡ್ಡಗಲವನ್ನು ನಿಲ್ಲದೆ ದಾಟಿದಳು. ನಾನು ಎದೆಮಟ್ಟದ ನೀರಿನಲ್ಲಿ ಪಕ್ಕದಲ್ಲೇ ನಡೆಯುತ್ತಿದ್ದೆ, ಕೈ ಚಾಚಿಕೊಂಡು, ಮುಟ್ಟದೆ. ಆ ದಡ ಮುಟ್ಟಿದವಳು ಕಣ್ಣು ಒರೆಸಿಕೊಂಡು ಕೇಳಿದಳು: “ಮಾಮ, ಪ್ರಾರ್ಥನೆ ಇನ್ನೂ ಎರಡು ಸಾಲು ಉಳಿದಿದೆ. ವಾಪಸ್ ಹೋಗಲೇ?”