ಒಂದೇ ನಲ್ಲಿ, ಎರಡು ಉತ್ತರ

ಶಾಲೆಯ ಪ್ರಾಜೆಕ್ಟ್ ಅಂದ್ರೆ ಥರ್ಮಾಕೋಲ್, ಬಣ್ಣದ ಹಾಳೆ, ರಾತ್ರಿ ಅಪ್ಪ ಅಮ್ಮ ಕೂತು ಅಂಟಿಸಿದ ಮಾಡೆಲ್. ಪಾಠ ಮೊದಲೇ ಮುಗಿದಿರುತ್ತದೆ, ಇದು ಬರೀ ಅಲಂಕಾರ. ಹಾಗಾಗಿ ಈ ಸಲ ನನ್ನ ಏಳನೇ ಕ್ಲಾಸಿಗೆ ಪಾಠಕ್ಕಿಂತ ಮೊದಲು ಪ್ರಶ್ನೆ ಕೊಟ್ಟೆ. ಕೈ ತೊಳೆಯುವ ಜಾಗದ ನಲ್ಲಿ ತೊಟ್ಟಿಕ್ಕುತ್ತಲೇ ಇದೆ. ದಿನಕ್ಕೆ ಎಷ್ಟು ನೀರು ಪೋಲಾಗುತ್ತೆ? ಉತ್ತರವನ್ನು ಮುಖ್ಯೋಪಾಧ್ಯಾಯರಿಗೆ ಪತ್ರ ಬರೆದು ತಿಳಿಸಬೇಕು. ಅಳೆಯೋದು ಹೇಗೆ ಅಂತ ನಾನು ಹೇಳಲಿಲ್ಲ.

ಒಂದು ಗುಂಪು ಹನಿ ಎಣಿಸಿತು. ನಿಮಿಷಕ್ಕೆ 60, ಅಂದರೆ ದಿನಕ್ಕೆ 86,400. ಲ್ಯಾಬಿನ ಡ್ರಾಪರ್‌ನಲ್ಲಿ 20 ಹನಿಗೆ ಒಂದು ಮಿಲಿಲೀಟರ್ ಬಂತು. ಭಾಗಿಸಿದರೆ ಸುಮಾರು 4.3 ಲೀಟರ್. ಇನ್ನೊಂದು ಗುಂಪು ಸುಮ್ನೆ ನಲ್ಲಿ ಕೆಳಗೆ ಬಾಟಲಿ ಇಟ್ಟಿತ್ತು. ಅರ್ಧ ಗಂಟೆಗೆ 360 ಮಿಲಿಲೀಟರ್. ದಿನಕ್ಕೆ 17 ಲೀಟರ್ ದಾಟಿತು!

ಜಗಳ ಶುರು. "ನೀವು ತಪ್ಪು ಎಣಿಸಿದ್ದೀರ." "ನಿಮ್ಮ ಬಾಟಲಿಗೆ ಬೇರೆ ನೀರು ಬಿದ್ದಿದೆ." ಕೊನೆಗೆ ಎಲ್ಲರೂ ನನ್ನ ಕಡೆ ತಿರುಗಿದರು. "ಮಿಸ್, ಯಾವುದು ಸರಿ?"

ಈ ವಿಧಾನದಲ್ಲಿ ಕಷ್ಟ ಇರೋದು ಇಲ್ಲೇ. ಉತ್ತರ ನಾಲಿಗೆ ತುದಿಯಲ್ಲಿರುತ್ತೆ, ಗಡಿಯಾರ ಓಡುತ್ತಿರುತ್ತೆ, ಸಿಲಬಸ್ ಬಾಕಿ ಇರುತ್ತೆ. ಆದರೂ ಬಾಯಿ ಮುಚ್ಚಿಕೊಂಡಿರಬೇಕು. 1918ರಲ್ಲಿ ಪ್ರಾಜೆಕ್ಟ್ ವಿಧಾನದ ಬಗ್ಗೆ ಬರೆದ ಅಮೆರಿಕದ ಶಿಕ್ಷಣತಜ್ಞ ವಿಲಿಯಂ ಕಿಲ್‌ಪ್ಯಾಟ್ರಿಕ್, ಮಕ್ಕಳು ಒಂದು ಉದ್ದೇಶ ಇಟ್ಟುಕೊಂಡು ಮನಸಾರೆ ಮಾಡುವ ಕೆಲಸಕ್ಕೆ ಒತ್ತು ಕೊಟ್ಟಿದ್ದರು. ಮಕ್ಕಳು ಮನಸಾರೆ ಜಗಳ ಆಡುವಾಗ ಮೇಷ್ಟ್ರು ಏನು ಮಾಡಬೇಕು ಅನ್ನೋದು ಮಾತ್ರ ಅವರವರೇ ಕಲಿಯಬೇಕಾದ್ದು.

ಅಷ್ಟರಲ್ಲಿ ಒಬ್ಬ ಹುಡುಗಿ ಡ್ರಾಪರ್ ಹಿಡಿದು ನಲ್ಲಿ ಹತ್ತಿರ ಹೋದಳು. ಪ್ಲಾಸ್ಟಿಕ್ ಹಾಳೆ ಮೇಲೆ ಡ್ರಾಪರಿನದೊಂದು ಹನಿ, ಪಕ್ಕದಲ್ಲಿ ನಲ್ಲಿಯದೊಂದು ಹನಿ ಬೀಳಿಸಿದಳು. "ನೋಡ್ರೋ, ನಲ್ಲಿದು ಎಷ್ಟು ದಪ್ಪ ಇದೆ!" ನಲ್ಲಿಯ ಬಾಯಿ ಅಗಲ, ಹಾಗಾಗಿ ಅಲ್ಲಿ ಜಾಸ್ತಿ ನೀರು ಜೋತುಬಿದ್ದು ಆಮೇಲೆ ಕಳಚುತ್ತೆ. ಬೋರ್ಡಿನ ಮೇಲೆ ಅವರೇ ಲೆಕ್ಕ ಹಾಕಿದರು: 1,800 ಹನಿಗೆ 360 ಮಿಲಿಲೀಟರ್, ಅಂದರೆ ಐದೇ ಹನಿಗೆ ಒಂದು ಮಿಲಿಲೀಟರ್. ಸರಾಸರಿ, ಅನುಪಾತ ಎರಡನ್ನೂ ನಾನು ಆಮೇಲೆ ಪಾಠ ಮಾಡಿದೆ. ಬೇಗ ಮುಗಿಯಿತು.

ಗುಂಪಿಗೆಲ್ಲ ಒಂದೇ ಅಂಕ ಕೊಡೋದು ನನಗೆ ಒಪ್ಪಿಗೆಯಿಲ್ಲ, ದುಡಿಯೋರು ಇಬ್ಬರೇ ಇರ್ತಾರೆ ಅಲ್ವಾ? ಒಬ್ಬೊಬ್ಬರನ್ನೂ ಕರೆದು "20 ಯಾಕೆ ತಪ್ಪಾಯ್ತು?" ಅಂತ ಕೇಳಿದೆ. ಅಂಕ ಅದಕ್ಕೇ.

ಪತ್ರ ಮಾತ್ರ ಅವತ್ತು ಹೋಗಲಿಲ್ಲ. ರಾತ್ರಿ ಟ್ಯಾಂಕ್ ತುಂಬಿದಾಗಲೂ ನಿಮಿಷಕ್ಕೆ 60 ಹನಿಯೇ ಬೀಳುತ್ತಾ ಅಂತ ಯಾರೋ ಕೇಳಿದರು. ಬೆಳಿಗ್ಗೆ ಬೇಗ ಬಂದು ಮತ್ತೆ ಅಳೆಯೋಣ ಅಂತ ತೀರ್ಮಾನವಾಯಿತು.